ಅತಿಥಿಯೂ ವೈರಿಯೂ ಆದ ಒಂದು ಶಬ್ದ

ಮನೆಗೆ ಬಂದವನು ಇಂಗ್ಲಿಷಿನಲ್ಲಿ 'ಗೆಸ್ಟ್', ಜರ್ಮನ್ನಿನಲ್ಲಿ 'ಗಾಸ್ಟ್', ರಷ್ಯನ್ನಿನಲ್ಲಿ 'ಗೋಸ್ತ್'. ಮೂರೂ ಒಂದೇ ಬೇರಿನ ಚಿಗುರುಗಳೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಅಚ್ಚರಿ ಎದುರಾಗುವುದು ಲ್ಯಾಟಿನ್ನಿನಲ್ಲಿ. ಅಲ್ಲಿ ಅದೇ ಬೇರಿನಿಂದ ಹುಟ್ಟಿದ 'ಹೋಸ್ತಿಸ್' ಎಂಬ ಶಬ್ದಕ್ಕೆ ವೈರಿ ಎಂದರ್ಥ. ಹಗೆತನವನ್ನು ಸೂಚಿಸುವ ಇಂಗ್ಲಿಷಿನ 'ಹಾಸ್ಟೈಲ್' ಬಂದದ್ದು ಅದರಿಂದಲೇ.

ಹಳಗನ್ನಡದ 'ಪಾಲ್' ಹೊಸಗನ್ನಡದಲ್ಲಿ 'ಹಾಲು' ಆದದ್ದಕ್ಕೆ ಒಂದು ಕ್ರಮವಿರುವಂತೆ ಇಲ್ಲಿಯೂ ಇದೆ. ಲ್ಯಾಟಿನ್ನಿನ ಪದಾದಿಯ 'ಹ'ಕಾರಕ್ಕೆ ಇಂಗ್ಲಿಷ್, ಜರ್ಮನ್ ಭಾಷೆಗಳಲ್ಲಿ 'ಗ'ಕಾರ ಸಂವಾದಿಯಾಗಿ ನಿಲ್ಲುತ್ತದೆ. ತೋಟವೆಂಬ ಅರ್ಥದ 'ಹೋರ್ತುಸ್' ಮತ್ತು 'ಗಾರ್ಡನ್' ಇನ್ನೊಂದು ಜೋಡಿ. ಇವುಗಳಂತೆಯೇ ಹೋಸ್ತಿಸ್ ಮತ್ತು ಗೆಸ್ಟ್ ಒಡಹುಟ್ಟಿದವು. ಹಾಗಾದರೆ ಒಂದೇ ಶಬ್ದ ಒಂದೆಡೆ ಅತಿಥಿಯೂ ಇನ್ನೊಂದೆಡೆ ವೈರಿಯೂ ಆದದ್ದು ಹೇಗೆ?

ಉತ್ತರದ ಒಂದು ಭಾಗವನ್ನು ರೋಮನ್ನರೇ ಬರೆದಿಟ್ಟಿದ್ದಾರೆ. ಕ್ರಿ.ಪೂ. 44ರಲ್ಲಿ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಪೂರ್ವಜರ ಕಾಲದಲ್ಲಿ ಹೋಸ್ತಿಸ್ ಎಂದರೆ ಪರದೇಶದವನು ಎಂದಷ್ಟೇ ಅರ್ಥವಿತ್ತೆಂದು ಹೇಳುತ್ತಾನೆ. ಅದಕ್ಕೆ ಅವನು ಕೊಡುವ ಆಧಾರ, ರೋಮಿನ ಪ್ರಾಚೀನ ಹನ್ನೆರಡು ಫಲಕಗಳ ಶಾಸನ. ಯುದ್ಧದಲ್ಲಿ ಎದುರಾದವನನ್ನು ಹಿರಿಯರು ಈ ಸೌಮ್ಯ ಪದದಿಂದ ಕರೆದರು. ಕಾಲಾಂತರದಲ್ಲಿ ಸೌಮ್ಯತೆ ಅಳಿದು ಪದವೇ ಕಠಿಣವಾಯಿತು ಎಂಬುದು ಅವನ ವಿವರಣೆ.

ಫ್ರೆಂಚ್ ವಿದ್ವಾಂಸ ಎಮಿಲ್ ಬೆನ್ವೆನಿಸ್ತ್ 1969ರಲ್ಲಿ ಈ ಎಳೆಯನ್ನು ಮುಂದಕ್ಕೊಯ್ದರು. ಲ್ಯಾಟಿನ್ನಿನಲ್ಲಿ 'ಹೋಸ್ತಿರೆ' ಎಂದರೆ ಸರಿದೂಗಿಸು, ಪ್ರತಿಯಾಗಿ ಕೊಡು. ಆದ್ದರಿಂದ ಮೂಲದಲ್ಲಿ ಹೋಸ್ತಿಸ್ ಎಂದರೆ ಕೊಟ್ಟು ಪಡೆಯುವ ಋಣದಿಂದ ನಮಗೆ ಕಟ್ಟುಬಿದ್ದ ಹೊರಗಿನವನು. ಕುಲ ಕುಲಗಳ ನಡುವಿನ ಆ ಋಣಸಂಬಂಧ ಸಡಿಲಿ, ನಗರದ ಪ್ರಜೆ ಮತ್ತು ಪ್ರಜೆಯಲ್ಲದವನು ಎಂಬ ಭೇದವೊಂದೇ ಉಳಿದಾಗ, ಹೊರಗಿನವನು ವೈರಿಯಾದನು ಎಂಬುದು ಅವರ ಮತ.

ಆ ಋಣಕ್ಕೆ ಕೈಯಲ್ಲಿ ಹಿಡಿಯುವ ಗುರುತೂ ಇತ್ತು. ಬಿಲ್ಲೆಯೊಂದನ್ನು ಎರಡಾಗಿ ಮಾಡಿ ಆತಿಥ್ಯ ಕೊಟ್ಟವನೂ ಪಡೆದವನೂ ಒಂದೊಂದು ತುಂಡನ್ನು ಇಟ್ಟುಕೊಳ್ಳುತ್ತಿದ್ದರು. ಮುಂದೆ ಮಕ್ಕಳು ಅವನ್ನು ಹೊಂದಿಸಿ ಹಳೆಯ ನಂಟನ್ನು ಸಾಬೀತುಪಡಿಸಬಹುದಿತ್ತು. ಪ್ಲಾಟಸ್ ಬರೆದ 'ಪೊಯನುಲುಸ್' ನಾಟಕದಲ್ಲಿ ಕಾರ್ಥೇಜಿನ ಮುದುಕ ಹಾನ್ನೊ ಇಂಥ ಬಿಲ್ಲೆಯನ್ನು ಹಿಡಿದೇ ಪರನಾಡಿಗೆ ಬರುತ್ತಾನೆ. ಗ್ರೀಕರು ಇಂಥ ಗುರುತನ್ನು 'ಸಿಂಬೊಲಾನ್', ಅಂದರೆ ಜೋಡಿಸಿ ನೋಡುವಂಥದ್ದು, ಎನ್ನುತ್ತಿದ್ದರು. ಇಂದಿನ 'ಸಿಂಬಲ್' ಅದೇ.

ಹೋಸ್ತಿಸ್ ವೈರಿಯ ಪಾಲಾದ ಮೇಲೆ ಆತಿಥ್ಯದ ಅರ್ಥವನ್ನು ಉಳಿಸಿಕೊಂಡದ್ದು ಅದರಿಂದ ಹುಟ್ಟಿದ 'ಹೋಸ್ಪೆಸ್'. ಇದರ ಉತ್ತರಾರ್ಧವು ನಮ್ಮ ಗೃಹಪತಿ, ಸೇನಾಪತಿಗಳಲ್ಲಿರುವ ಸಂಸ್ಕೃತದ 'ಪತಿ'ಯ ದೂರದ ಬಂಧುವೆಂದು ವಿದ್ವಾಂಸರು ಗುರುತಿಸುತ್ತಾರೆ. ಹೋಸ್ಪೆಸ್ ಎಂದರೆ ಆತಿಥ್ಯ ಕೊಡುವವನೂ ಹೌದು, ಪಡೆಯುವವನೂ ಹೌದು. ಫ್ರೆಂಚಿನ 'ಓತ್', ಇಟಾಲಿಯನ್ನಿನ 'ಓಸ್ಪಿತೆ' ಇಂದಿಗೂ ಈ ಎರಡೂ ಅರ್ಥಗಳನ್ನು ಹೊತ್ತಿವೆ. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಅದೇ ಮನೆತನದವು. ಮುಂಬಯಿಯಲ್ಲೋ ಚೆನ್ನೈಯಲ್ಲೋ ಕನ್ನಡಿಗರು ಕಟ್ಟಿ ಬೆಳೆಸಿದ ಉಡುಪಿ ಹೋಟೆಲುಗಳ ಫಲಕದ ಮೇಲೂ ಈ ಶಬ್ದದ ಕುಡಿಯೊಂದಿದೆ.

ಬೇರ್ಪಟ್ಟ ಎರಡು ಅರ್ಥಗಳನ್ನು 1795ರಲ್ಲಿ ಇಮ್ಯಾನ್ಯುಯೆಲ್ ಕಾಂಟ್ ಮತ್ತೆ ಎದುರುಬದುರು ನಿಲ್ಲಿಸಿದನು. ಶಾಶ್ವತ ಶಾಂತಿಯನ್ನು ಕುರಿತ ಪ್ರಬಂಧದಲ್ಲಿ ಅವನು ಆತಿಥ್ಯವನ್ನು ಉಪಕಾರವೆನ್ನದೆ ಹಕ್ಕು ಎಂದನು: ಪರನಾಡಿಗೆ ಬಂದವನು ಶಾಂತನಾಗಿ ನಡೆದುಕೊಳ್ಳುವವರೆಗೆ, ವೈರಿಯೆಂದು ಕಾಣಲ್ಪಡದಿರುವ ಹಕ್ಕು.

ನಮ್ಮ ನುಡಿಯಲ್ಲಿ 'ಪರದೇಶಿ' ಎಂದರೆ ಬೇರೆ ನಾಡಿನವನೂ ಹೌದು, ದಿಕ್ಕಿಲ್ಲದವನೂ ಹೌದು. ಲ್ಯಾಟಿನ್ ಹೊರಗಿನವನಲ್ಲಿ ವೈರಿಯನ್ನು ಕಂಡಿತು, ಕನ್ನಡ ಅನಾಥನನ್ನು ಕಂಡಿತು. ಎರಡರಲ್ಲಿಯೂ ಕೊಟ್ಟು ಪಡೆಯುವ ಆ ಹಳೆಯ ನಂಟು ಮರೆಯಾಗಿದೆ. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ಬರಿಯ ನಿಘಂಟಿನ ಕುತೂಹಲವಲ್ಲ. ನೆಲೆ ಕೊಟ್ಟ ಊರಿನೊಡನೆ ನಾವು ಕೊಟ್ಟು ಪಡೆಯುವುದು ಏನೆಂಬುದರ ಮೇಲೆ, ಮುರಿದ ಬಿಲ್ಲೆಯ ನಮ್ಮ ತುಂಡು ಅಲ್ಲಿಯವರ ತುಂಡಿಗೆ ಹೊಂದುವುದೋ ಇಲ್ಲವೋ ನಿಂತಿದೆ.