ತಿಂಗಳು ಮೊದಲು, ಕಾಡು ಆಮೇಲೆ: ಬೋನಾಳದಿಂದ ಸೆರೆಂಗೆಟಿಯವರೆಗೆ ಸಫಾರಿ

ಸಫಾರಿಗೆ ಹೋಗಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕಾಡಿನ ಹೆಸರು ಆರಿಸುತ್ತಾರೆ, ಆಮೇಲೆ ರಜೆ ಹೊಂದಿಸುತ್ತಾರೆ. ಆಗಬೇಕಾದ್ದು ಇದರ ತಿರುಗುಮುರುಗು. ಪ್ರಾಣಿ-ಪಕ್ಷಿಗಳು ನೀರು, ಹುಲ್ಲು ಇದ್ದಲ್ಲಿಗೆ ಹೋಗುತ್ತವೆ. ಅವು ಎರಡೂ ಸಿಗುವ ಜಾಗ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮುಂಗಾರು-ಹಿಂಗಾರು ನೋಡಿಯೇ ವರ್ಷದ ಲೆಕ್ಕ ಹಾಕುವ ಬಳಿಚಕ್ರ, ಶಹಾಪುರ, ಸುರಪುರ ಸೀಮೆಯ ಕುಟುಂಬಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾಸವನ್ನೂ ಅದೇ ಲೆಕ್ಕದಲ್ಲಿ ಕೂಡಿಸಿದರೆ ಹಣ ವ್ಯರ್ಥವಾಗದು.

ಮೊದಲ ಪಾಠ ಬೋನಾಳದಲ್ಲಿ

ಆಫ್ರಿಕಾದ ಯೋಚನೆ ಇದ್ದವರು ಅದಕ್ಕೆ ಮೊದಲು ಒಂದು ಚಳಿಗಾಲದ ಬೆಳಗನ್ನು ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದಲ್ಲಿ ಕಳೆಯಲಿ. ಸುರಪುರದ ನಾಯಕರ ಕಾಲದ ಈ ಕೆರೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅಭಿವೃದ್ಧಿಪಡಿಸಿದ. ಮಳೆಗಾಲದಲ್ಲಿ ತುಂಬಿದ ಕೆರೆಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ.

ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತನ್ನು ಗುರುತಿಸುವುದು ಸುಲಭ. ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ ಇರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಹಕ್ಕಿ ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತದೆ, ಹಗಲು ನೀರಿನಂಚಿನಲ್ಲಿ ವಿಶ್ರಮಿಸುತ್ತದೆ. ಆದ್ದರಿಂದ ನಸುಕಿನಲ್ಲೇ ಕೆರೆಯ ಬಳಿ ಇರಬೇಕು. ದುರ್ಬೀನು ಹಿಡಿಯುವುದು, ಮಾತಾಡದೆ ಕೂರುವುದು, ಮಕ್ಕಳು ಎಷ್ಟು ಹೊತ್ತು ತಾಳುತ್ತಾರೆಂದು ತಿಳಿಯುವುದು, ಎಲ್ಲವೂ ಇಲ್ಲಿ ಖರ್ಚಿಲ್ಲದೆ ಆಗುತ್ತದೆ. ಎರಡು ಗಂಟೆಯಲ್ಲೇ ಬೇಸರಪಟ್ಟು ಮನೆಗೆ ಹೋಗೋಣ ಎನ್ನುವವರಿಗೆ ಆರು ದಿನದ ಆಫ್ರಿಕಾ ಪ್ರವಾಸ ದುಬಾರಿಯಾದೀತು.

ದರೋಜಿ, ಕಬಿನಿ

ಮುಂದಿನ ಹೆಜ್ಜೆ ಹಂಪಿಯ ಹತ್ತಿರದ ದರೋಜಿ. 1994ರಲ್ಲಿ ಘೋಷಣೆಯಾದ ಕರಡಿಧಾಮವಿದು. ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚಿ ಬರುತ್ತಾರೆ, ಕರಡಿಗಳು ಗುಡ್ಡದಿಂದ ಇಳಿದು ನೆಕ್ಕುತ್ತವೆ. ವೀಕ್ಷಣಾ ಗೋಪುರದಿಂದ ದೂರ ಹೆಚ್ಚು, ಬರಿಗಣ್ಣು ಸಾಲದು.

ಆನೆ, ಹುಲಿ ನೋಡಬೇಕೆಂದರೆ ಕಬಿನಿ. ಅಲ್ಲಿಗೆ ಸರಿಯಾದ ಕಾಲ ನಮ್ಮ ಬೇಸಿಗೆ ರಜೆಯೇ. ಏಪ್ರಿಲ್-ಮೇ ತಿಂಗಳಲ್ಲಿ ಜಲಾಶಯದ ಹಿನ್ನೀರು ತಗ್ಗಿ, ತೆರೆದ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಒಣಗಿದ ಬಂಡೀಪುರ, ನಾಗರಹೊಳೆ ಕಾಡುಗಳಿಂದ ಆನೆ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ಆದರೆ ಟಿಕೆಟ್ ಮಾಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಲೇಬೇಕು. ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಲು ಅರಣ್ಯ ಸಚಿವರು ಆದೇಶಿಸಿದ್ದರು. ಕಾಡಂಚಿನ ರೈತನ ಜೀವಕ್ಕಿಂತ ಪ್ರವಾಸಿಗನ ಬುಕಿಂಗ್ ದೊಡ್ಡದಲ್ಲ, ಆ ತೀರ್ಮಾನ ಸರಿಯಾಗಿತ್ತು.

ತೊಗರಿ ರಾಶಿಯಾದ ಮೇಲೆ ಆಫ್ರಿಕಾ

ಟ್ರಾವೆಲ್ ಏಜೆಂಟರು ಮೊದಲು ತೋರಿಸುವುದು ಕೀನ್ಯಾದ ಮಸಾಯಿ ಮಾರಾವನ್ನು. ಜುಲೈಯಿಂದ ಅಕ್ಟೋಬರ್‌ವರೆಗೆ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಟಾಂಜಾನಿಯಾದ ಸೆರೆಂಗೆಟಿಯಿಂದ ಅಲ್ಲಿಗೆ ಬರುತ್ತವೆ, ಮೊಸಳೆಗಳಿರುವ ಮಾರಾ ನದಿಯನ್ನು ಈಜಿ ದಾಟುತ್ತವೆ. ನೋಡಬೇಕಾದ ದೃಶ್ಯವೇ. ಆದರೆ ನಮ್ಮ ಸೀಮೆಯ ಒಕ್ಕಲುತನದ ಮನೆಗೆ ಅದು ಬಿತ್ತನೆ, ಕಳೆ, ಹತ್ತಿ ಬಿಡಿಸುವ ಕೆಲಸ ಒಂದರ ಹಿಂದೊಂದು ಬರುವ ಕಾಲ. ಖರ್ಚೂ ಆಗಲೇ ಹೆಚ್ಚು: 2024ರಿಂದ ಮಸಾಯಿ ಮಾರಾದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಗಂಡ-ಹೆಂಡತಿ ಮೂರು ದಿನ ಇದ್ದರೆ ಗೇಟಿಗೇ 1,200 ಡಾಲರ್.

ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬರುವ ಹೊತ್ತಿಗೆ, ಅಂದರೆ ಫೆಬ್ರುವರಿಯಲ್ಲಿ, ಅದೇ ಹಿಂಡುಗಳು ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ಡುಟು ಬಯಲಿಗೆ ಬಂದಿರುತ್ತವೆ. ಇದು ಹಳೆಯ ಜ್ವಾಲಾಮುಖಿಗಳ ಬೂದಿ ಬಿದ್ದು ಆದ ನೆಲ. ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರವಿದ್ದು ದೊಡ್ಡ ಮರ ಬೇರೂರುವುದಿಲ್ಲ. ಹುಲ್ಲು ಗಿಡ್ಡ, ಆದರೆ ಸುಣ್ಣ, ರಂಜಕದ ಅಂಶ ಹೆಚ್ಚು, ಹಾಲೂಡುವ ತಾಯಿಗೆ ಬೇಕಾದ ಮೇವು ಅದೇ. ಆದ್ದರಿಂದಲೇ ಹಿಂಡು ಹಿಂಡಾಗಿ ಇಲ್ಲಿ ಈಯುತ್ತವೆ. ಹುಟ್ಟಿದ ಕರು ನಿಮಿಷಗಳಲ್ಲೇ ಎದ್ದು, ತೊಡರುತ್ತಾ ನಿಂತು, ತಾಯಿಯ ಬೆನ್ನಿಗೆ ಓಡುತ್ತದೆ. ಸಿಂಹ, ಚೀತಾ, ಕತ್ತೆಕಿರುಬ ಹತ್ತಿರದಲ್ಲೇ ಕಾಯುತ್ತಿರುತ್ತವೆ. ಬಯಲು ತೆರೆದಿರುವುದರಿಂದ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನದಿ ದಾಟುವ ದೃಶ್ಯಕ್ಕಾಗಿ ದಂಡೆಯಲ್ಲಿ ದಿನವಿಡೀ ಕಾದು ಬರಿಗೈಯಲ್ಲಿ ಮರಳುವುದಕ್ಕಿಂತ ಕೃಷಿ ಕುಟುಂಬಕ್ಕೆ ಇದೇ ಮೇಲು ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮಳೆ ತಡವಾದರೆ ಹಿಂಡು ಬೇರೆಡೆ ಉಳಿಯುವುದುಂಟು, ಒಂದೇ ಕ್ಯಾಂಪಿನಲ್ಲಿ ಎಲ್ಲ ರಾತ್ರಿಗಳನ್ನೂ ಕಾದಿರಿಸಬೇಡಿ. ಪಕ್ಕದ ಎನ್ಗೊರೊಂಗೊರೊ ಕುಳಿಯಲ್ಲಿ ಕಪ್ಪು ಖಡ್ಗಮೃಗ ಕಾಣುವ ಅವಕಾಶವೂ ಇದೆ.

ಚುಚ್ಚುಮದ್ದು, ಕಾಗದಪತ್ರ

ಕೀನ್ಯಾಕ್ಕೆ ಹೋಗುವುದಿದ್ದರೆ, ಅಥವಾ ಅದರ ಮೂಲಕ ಟಾಂಜಾನಿಯಾಕ್ಕೆ ಹೋಗುವುದಿದ್ದರೆ, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಜೊತೆಗಿಟ್ಟುಕೊಳ್ಳಿ. ಎಲ್ಲ ಆಸ್ಪತ್ರೆಗಳಲ್ಲಿ ಇದು ಸಿಗದು, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ. ಯಾದಗಿರಿಯವರಿಗೆ ಹತ್ತಿರವಾಗುವುದು ಹೈದರಾಬಾದ್, ಇಲ್ಲವೇ ಬೆಂಗಳೂರು. ಹಾಕಿಸಿಕೊಂಡ 10 ದಿನದ ನಂತರವೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಅದಿಲ್ಲದೆ ಮರಳಿದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. 60 ವರ್ಷ ದಾಟಿದ ತಂದೆ-ತಾಯಿ ಜೊತೆಗಿದ್ದರೆ ಮೊದಲು ವೈದ್ಯರನ್ನು ಕೇಳಿ. ಮಲೇರಿಯಾ ಮಾತ್ರೆಯ ವಿಚಾರವನ್ನೂ ಆಗಲೇ ಮಾತಾಡಿ.

ಕೀನ್ಯಾ 2024ರ ಜನವರಿಯಿಂದ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಕೊಡುತ್ತಿದೆ. ವಿಮಾನಕ್ಕೆ ಮುಂಬೈ ಅನುಕೂಲ, ಯಾದಗಿರಿಯಲ್ಲಿ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯಬಹುದು.

ಗಾಡಿ, ಚೀಲ, ರೊಟ್ಟಿ

ಒಂದೇ ಬೆಲೆಯಂತೆ ಕಾಣುವ ಎರಡು ಪ್ಯಾಕೇಜುಗಳ ನಡುವೆ ನಿಜವಾದ ವ್ಯತ್ಯಾಸ ಗಾಡಿಯದು. ಚಾವಣಿ ತೆರೆಯುವ ಮಿನಿವ್ಯಾನೋ, ಫೋರ್ ವೀಲ್ ಜೀಪೋ, ಒಂದರಲ್ಲಿ ಎಷ್ಟು ಜನ, ಪ್ರತಿಯೊಬ್ಬರಿಗೂ ಕಿಟಕಿ ಸಿಗುವುದೇ, ಪ್ರವೇಶ ಶುಲ್ಕ ದರದಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಮಳೆ ಬಿದ್ದ ಎನ್ಡುಟುವಿನಲ್ಲಿ ನಮ್ಮ ಎರೆಮಣ್ಣಿನಂತೆಯೇ ಚಕ್ರ ಹೂಳುವ ಜಾಗಗಳಿವೆ, ಅಲ್ಲಿಗೆ ಮಿನಿವ್ಯಾನ್ ಬೇಡ. ಸಣ್ಣ ವಿಮಾನದಲ್ಲಿ ಕ್ಯಾಂಪಿಗೆ ಹೋಗುವುದಾದರೆ ಸಾಮಾನಿಗೆ ಸಾಮಾನ್ಯವಾಗಿ 15 ಕಿಲೋ ಮಿತಿ, ಮೆತ್ತನೆಯ ಚೀಲವೇ ಆಗಬೇಕು.

ಸಸ್ಯಾಹಾರವನ್ನು ಬುಕಿಂಗ್ ವೇಳೆಯಲ್ಲೇ ಹೇಳಿಡಿ. ಪೂರ್ವ ಆಫ್ರಿಕಾದ ಮನೆಗಳಲ್ಲಿ ಚಪಾತಿ ಪರಿಚಿತ ತಿನಿಸೇ. ಜೊತೆಗೆ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಒಯ್ಯುವವರು ಅವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಲಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, 2020ರಿಂದ ಅಲ್ಲಿನ ಸಂರಕ್ಷಿತ ಕಾಡುಗಳಿಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯನ್ನೂ ಒಯ್ಯುವಂತಿಲ್ಲ.