ಚಿತ್ರಾನುಪಾತ ರಕ್ಷಣೆ

ಹಳೆಯ ಚಿತ್ರವನ್ನೋ ಕಂಪ್ಯೂಟರ್ ಆಟವನ್ನೋ ಅಗಲ ಪರದೆಯಲ್ಲಿ ಹಿಗ್ಗಿಸದೆ ಮೂಲ ಆಕಾರದಲ್ಲೇ ತೋರಿಸುವ ಕ್ರಮ. ಬಿ. ಆರ್. ಪಂತುಲು ನಿರ್ದೇಶನದ, 1961ರ ಕಪ್ಪುಬಿಳುಪು ಚಿತ್ರ ‘ಕಿತ್ತೂರು ಚೆನ್ನಮ್ಮ’ ಒಳ್ಳೆಯ ನಿದರ್ಶನ. ಅದರ ಚೌಕಟ್ಟು ಸುಮಾರು 4:3. ಇಂದಿನ ಟಿವಿ 16:9. ಪರದೆ ತುಂಬಿಸಲು ಎಳೆದರೆ ಅಗಲ ಮೂರನೇ ಒಂದರಷ್ಟು ಹೆಚ್ಚಿ, ರಾಣಿಯಾಗಿ ನಟಿಸಿದ ಬಿ. ಸರೋಜಾದೇವಿಯವರ ಮುಖವೇ ಚಪ್ಪಟೆಯಾಗುತ್ತದೆ. ಅದಕ್ಕಿಂತ ಮೂಲ ಆಕಾರದಲ್ಲೇ ಇಟ್ಟಾಗ ಪಕ್ಕದಲ್ಲಿ ಉಳಿಯುವ ಕಪ್ಪು ಪಟ್ಟಿಗಳೇ ಮೇಲು.

ಆಟಗಳಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. 640×480ರ ಆಟವನ್ನು 1920×1080 ಪರದೆಯಲ್ಲಿ 1440×1080ಕ್ಕೆ ಹಿಗ್ಗಿಸಿದರೆ ಆಕಾರ ಉಳಿಯುತ್ತದೆ, ಆದರೆ ಒಂದು ಪಿಕ್ಸೆಲ್‌ಗೆ ಎರಡೂಕಾಲು ಪಿಕ್ಸೆಲ್ ಬಂದು ಅಂಚು ಮಸುಕಾಗುತ್ತದೆ. ಸರಿಯಾಗಿ ಎರಡು ಪಟ್ಟು, ಅಂದರೆ 1280×960 ಇಟ್ಟರೆ ಚಿತ್ರ ಚಿಕ್ಕದು, ಗೆರೆ ಚೊಕ್ಕ. ಡಾಸ್ ಕಾಲದ 320×200 ಆಟಗಳು, ಉದಾಹರಣೆಗೆ ‘ಪ್ರಿನ್ಸ್ ಆಫ್ ಪರ್ಷಿಯಾ’, 4:3 ಮಾನಿಟರ್ ತುಂಬುತ್ತಿದ್ದುದರಿಂದ ಅವುಗಳ ಪಿಕ್ಸೆಲ್ ಅಗಲಕ್ಕಿಂತ 1.2 ಪಟ್ಟು ಎತ್ತರ. ಅಗಲಕ್ಕೆ ಐದು, ಎತ್ತರಕ್ಕೆ ಆರು ಪಟ್ಟು ಹಿಗ್ಗಿಸಿದರೆ ಸಿಗುವ 1600×1200 ಅವಕ್ಕೆ ತಕ್ಕ ಅಳತೆ. ಆ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶವಾದ ಡಾಸ್‌ಬಾಕ್ಸ್‌ನಲ್ಲಿ ‘ಆಸ್ಪೆಕ್ಟ್’ ಆಯ್ಕೆ ಈ ತಿದ್ದುಪಡಿಗೆಂದೇ ಇದೆ.