ಬೆನ್ನುಮೂಳೆಯ ಡಿಸ್ಕ್ ತೊಂದರೆ: ದೈನಂದಿನ ಜೀವನದಲ್ಲಿ ಪಾಲಿಸಬೇಕಾದ ಕ್ರಮಗಳು ಮತ್ತು ದೊರೆಯುವ ಸೇವೆಗಳು

(ಕೆಂಕೆರೆ ಹಾಗೂ ಸುತ್ತಲಿನ ತೆಂಗು ಬೆಳೆಯುವ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆ ಮತ್ತು ನೆರೆಯ ತಿಪಟೂರು, ತುರುವೇಕೆರೆ ತಾಲ್ಲೂಕುಗಳ ಗ್ರಾಮಗಳಲ್ಲಿ ತೆಂಗು ಪ್ರಮುಖ ಬೆಳೆಯಾಗಿರುತ್ತದೆ. ಕಾಯಿ ಕೀಳುವುದು, ಹೊರುವುದು, ಉಂಡೆ ಕೊಬ್ಬರಿಗಾಗಿ ಅಟ್ಟಕ್ಕೆ ಏರಿಸುವುದು, ತಿಂಗಳುಗಳ ನಂತರ ಇಳಿಸಿ ಸುಲಿಯುವುದು, ಚೀಲ ತುಂಬಿ ಮಾರುಕಟ್ಟೆಗೆ ಸಾಗಿಸುವುದು ಇವೆಲ್ಲವೂ ಬೆನ್ನಿನ ಮೇಲೆ ಭಾರ ಬೀಳುವ ಕೆಲಸಗಳು. ಸುಲಿಯುವವರಿಗೆ ಸಾಮಾನ್ಯವಾಗಿ ಕಾಯಿಯ ಲೆಕ್ಕದಲ್ಲಿ ಕೂಲಿ ದೊರೆಯುವುದರಿಂದ, ನೋವಿದ್ದರೂ ಕೆಲಸ ನಿಲ್ಲಿಸುವುದು ಕಷ್ಟ. ಆದ್ದರಿಂದ ದುಡಿಮೆಯನ್ನು ಸಂಪೂರ್ಣವಾಗಿ ಬಿಡದೆ ಬೆನ್ನನ್ನು ಕಾಪಾಡಿಕೊಳ್ಳುವ ಕ್ರಮಗಳನ್ನೂ, ಪಡೆಯಬಹುದಾದ ಸೇವೆಗಳನ್ನೂ ಇಲ್ಲಿ ವಿವರಿಸಲಾಗಿದೆ.

2. ಡಿಸ್ಕ್ ತೊಂದರೆ ಎಂದರೇನು?

ಬೆನ್ನುಮೂಳೆಯ ಕಶೇರುಕಗಳ ನಡುವೆ ಒಟ್ಟು 23 ಡಿಸ್ಕ್‌ಗಳಿರುತ್ತವೆ. ಪ್ರತಿಯೊಂದು ಡಿಸ್ಕ್ ಹೊರಗೆ ಗಟ್ಟಿಯಾದ ನಾರಿನ ಉಂಗುರವನ್ನೂ, ಒಳಗೆ ಮೃದುವಾದ ತಿರುಳನ್ನೂ ಹೊಂದಿದ್ದು ಮೆತ್ತೆಯಂತೆ ಕೆಲಸ ಮಾಡುತ್ತದೆ. ವಯಸ್ಸು, ಅತಿಭಾರ, ಬಾಗಿ ತಿರುಚುವ ಕೆಲಸ ಮತ್ತು ಧೂಮಪಾನದಿಂದ ಉಂಗುರ ಸವೆದು, ತಿರುಳು ಹೊರಚಾಚಿ ನರವನ್ನು ಒತ್ತಬಹುದು. ಇದನ್ನೇ ಜನರು "ಡಿಸ್ಕ್ ಜಾರಿದೆ" ಎನ್ನುತ್ತಾರೆ. ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ ಈ ತೊಂದರೆ ಹೆಚ್ಚು. ಆಗ ನೋವು ಪೃಷ್ಠದಿಂದ ತೊಡೆ, ಮೀನಖಂಡದ ಮೂಲಕ ಪಾದದವರೆಗೆ ಇಳಿಯುತ್ತದೆ, ಜೋಮು ಹಿಡಿಯಬಹುದು. ಕೆಮ್ಮಿದಾಗ ಅಥವಾ ಸೀನಿದಾಗ ನೋವು ಹೆಚ್ಚಾಗಬಹುದು.

ಬಹುತೇಕರಲ್ಲಿ ಈ ನೋವು 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕಡಿಮೆಯಾಗುತ್ತದೆ. ಎಕ್ಸ್‌-ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ, ಎಂ.ಆರ್.ಐ.ನಲ್ಲಿ ಕಾಣುತ್ತದೆ. ಆದರೆ ನೋವೇ ಇಲ್ಲದ ಅನೇಕರ ಎಂ.ಆರ್.ಐ.ನಲ್ಲಿಯೂ ಡಿಸ್ಕ್ ಉಬ್ಬು ಕಂಡುಬರುವುದರಿಂದ, ವೈದ್ಯರ ಸಲಹೆಯಿಲ್ಲದೆ ಸಾಲ ಮಾಡಿ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

3. ತಡಮಾಡದೆ ಆಸ್ಪತ್ರೆಗೆ ತೆರಳಬೇಕಾದ ಸಂದರ್ಭಗಳು

ಅ) ಮೂತ್ರ ಕಟ್ಟುವುದು, ಮಲ ಅಥವಾ ಮೂತ್ರದ ಹಿಡಿತ ತಪ್ಪುವುದು.
ಆ) ಗುಪ್ತಾಂಗ, ಗುದದ್ವಾರ ಮತ್ತು ಒಳತೊಡೆಯ ಭಾಗದಲ್ಲಿ ಸ್ಪರ್ಶಜ್ಞಾನ ಇಲ್ಲವಾಗುವುದು.
ಇ) ಪಾದ ಎತ್ತಲಾಗದಿರುವುದು, ಕಾಲಿನ ಬಲ ದಿನೇ ದಿನೇ ಕುಗ್ಗುವುದು.
ಈ) ಮರದಿಂದ ಅಥವಾ ಅಟ್ಟದಿಂದ ಬಿದ್ದ ನಂತರದ ಬೆನ್ನುನೋವು.

ಮೊದಲ ಎರಡು ಲಕ್ಷಣಗಳಿದ್ದಲ್ಲಿ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ದೊರೆಯಬೇಕು. ವಿಳಂಬವಾದರೆ ಹಾನಿ ಶಾಶ್ವತವಾಗಬಹುದು. ಸಂಕೋಚದಿಂದ ಈ ಲಕ್ಷಣಗಳನ್ನು ಮುಚ್ಚಿಡಬಾರದು. 108ಕ್ಕೆ ಕರೆ ಮಾಡುವುದು. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು. ಬೆನ್ನು ಬಾಗದಂತೆ ಹಲಗೆಯ ಮೇಲೆ ಸಾಗಿಸತಕ್ಕದ್ದು.

ವಾರಗಟ್ಟಲೆ ಬೆನ್ನುನೋವಿನೊಂದಿಗೆ ಸಂಜೆಯ ಜ್ವರ, ತೂಕ ಇಳಿಕೆ ಇದ್ದಲ್ಲಿ ಅದು ಬೆನ್ನುಮೂಳೆಯ ಕ್ಷಯವಾಗಿರಬಹುದು. ಕ್ಷಯರೋಗದ ಪರೀಕ್ಷೆ ಮತ್ತು ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

4. ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

- ಹಾಸಿಗೆ ಹಿಡಿದು ಮಲಗುವುದು ಒಂದೆರಡು ದಿನಗಳಿಗೆ ಸೀಮಿತವಾಗಿರಲಿ. ನಂತರ ನೋವಿನ ಮಿತಿಯೊಳಗೆ ಸ್ವಲ್ಪ ಸ್ವಲ್ಪವಾಗಿ ನಡೆಯುವುದು ಉತ್ತಮ.
- ಮಗ್ಗುಲಾಗಿ ಮಲಗುವಾಗ ಮೊಳಕಾಲುಗಳ ನಡುವೆ, ಅಂಗಾತ ಮಲಗುವಾಗ ಮೊಳಕಾಲುಗಳ ಕೆಳಗೆ ದಿಂಬು ಇಡುವುದು. ಏಳುವಾಗ ಮಗ್ಗುಲಿಗೆ ಹೊರಳಿ, ಕೈ ಊರಿ ಏಳುವುದು.
- ಮುದ್ದೆ ತೊಳಸುವುದು, ಈಳಿಗೆ ಮಣೆಯಲ್ಲಿ ಹೆಚ್ಚುವುದು, ಪಾತ್ರೆ ತೊಳೆಯುವುದು ಮುಂತಾದ ಕೆಲಸಗಳನ್ನು ನೆಲದ ಬದಲು ಕಟ್ಟೆಯ ಎತ್ತರದಲ್ಲಿ ಮಾಡಿಕೊಳ್ಳುವುದು. ಮುದ್ದೆ ತೊಳಸುವ ಕೆಲಸವನ್ನು ಮನೆಯ ಇನ್ನೊಬ್ಬರು ಕೆಲಕಾಲ ವಹಿಸಿಕೊಳ್ಳುವುದು ಸೂಕ್ತ.
- ನೀರನ್ನು ಒಂದು ತುಂಬಿದ ಕೊಡದಲ್ಲಿ ಸೊಂಟದ ಮೇಲೆ ತರುವ ಬದಲು ಚಿಕ್ಕ ಪಾತ್ರೆಗಳಲ್ಲಿ ಎರಡು ಕೈಗಳಿಗೆ ಸಮನಾಗಿ ಹಂಚಿ ತರುವುದು.
- ಕುಕ್ಕರಗಾಲಿನಲ್ಲಿ ಕೂರಲು ಕಷ್ಟವಾದಲ್ಲಿ ಶೌಚಾಲಯದಲ್ಲಿ ಕಮೋಡ್ ಕುರ್ಚಿ ಬಳಸುವುದು. ಮಲಬದ್ಧತೆಯಾಗದಂತೆ ಸೊಪ್ಪು, ಕಾಳು, ನೀರು ಸೇವಿಸುವುದು.

5. ತೋಟ ಮತ್ತು ಕೊಬ್ಬರಿ ಕೆಲಸದಲ್ಲಿ

- ಸುಲಿಯುವ ಕಬ್ಬಿಣದ ಮೊನೆಯನ್ನು ಹೆಚ್ಚು ಬಾಗಬೇಕಾಗದ ಎತ್ತರಕ್ಕೆ ಊರಿಕೊಳ್ಳುವುದು. ಕಾಯಿಯ ರಾಶಿ ಕೈಗೆಟುಕುವಂತಿರಲಿ. ಸೊಂಟ ತಿರುಚುವ ಬದಲು ಪಾದ ತಿರುಗಿಸಿ ತೆಗೆದುಕೊಳ್ಳುವುದು. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯುವುದು.
- ಚೀಲ ಎತ್ತುವಾಗ ಮೊಳಕಾಲು ಮಡಿಸಿ, ಭಾರವನ್ನು ಮೈಗೆ ಒತ್ತಿಕೊಂಡು ಏಳುವುದು. ತುಂಬಿದ ಚೀಲವನ್ನು ಒಬ್ಬರೇ ಎತ್ತಬಾರದು. ಅರ್ಧ ಚೀಲ ಅಥವಾ ಕೈಗಾಡಿ ಬಳಸುವುದು.
- ಅಟ್ಟಕ್ಕೆ ಕಾಯಿ ಎಸೆಯುವ, ದೋಟಿಯಿಂದ ಕೀಳುವ ಕೆಲಸದಲ್ಲಿ ಕತ್ತಿನ ಡಿಸ್ಕ್‌ಗಳಿಗೂ ಒತ್ತಡ ಬೀಳುತ್ತದೆ. ನೋವಿರುವವರು ಈ ಕೆಲಸವನ್ನು ಬದಲಿಗೆ ಕೊಡುವುದು. ಕಾಲು ಜೋಮು ಹಿಡಿಯುವವರು ಮರ ಹತ್ತಲೇಬಾರದು.

ಕೂಲಿ ಕೊಡುವವರು ನೋವಿರುವ ಕಾರ್ಮಿಕರಿಗೆ ಕೊಬ್ಬರಿ ವಿಂಗಡಣೆಯಂತಹ ಹಗುರ ಕೆಲಸ ನೀಡಿದಲ್ಲಿ ಅವರ ಜೀವನೋಪಾಯ ಉಳಿಯುತ್ತದೆ.

6. ಮಾಡಬಾರದ ಸಂಗತಿಗಳು

ಬೆನ್ನು ತುಳಿಸಿಕೊಳ್ಳುವುದು, ಸೊಂಟ ತಿರುಚಿ "ನೆಟಿಕೆ" ತೆಗೆಸುವುದು ಅಪಾಯಕರ. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ತಾವಾಗಿ ಕೊಂಡು ನುಂಗುವುದರಿಂದ ಜಠರದಲ್ಲಿ ಹುಣ್ಣು ಮತ್ತು ಮೂತ್ರಪಿಂಡಕ್ಕೆ ಹಾನಿ ಉಂಟಾಗಬಹುದು. ಸೊಂಟದ ಪಟ್ಟಿಯನ್ನು ವೈದ್ಯರು ಹೇಳಿದ ಅವಧಿಗೆ ಮಾತ್ರ ಧರಿಸತಕ್ಕದ್ದು. ದೀರ್ಘಕಾಲದ ನೋವಿನಿಂದ ನಿದ್ರಾಹೀನತೆ, ಮನೋವ್ಯಥೆ ಉಂಟಾದಲ್ಲಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದಾಗಿದೆ.

7. ಚಿಕಿತ್ಸಾ ಸೌಲಭ್ಯಗಳು

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಂತರ ಅಗತ್ಯಾನುಸಾರ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಅಥವಾ ತುಮಕೂರು ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸುವುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು 2018ರಲ್ಲಿ ಆರಂಭಿಸಲಾಗಿದ್ದು, ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವು ಇರುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೆರಳತಕ್ಕದ್ದು. ಅಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಶಿಫಾರಸು ಪತ್ರ ನೀಡಲಾಗುತ್ತದೆ. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದಲ್ಲಿ ನೆರವು ದೊರೆಯದೆ ಹೋಗಬಹುದು. ತುರ್ತು ಸಂದರ್ಭಗಳಿಗೆ ವಿನಾಯಿತಿ ಇದೆ. ಸಹಕಾರ ಸಂಘಗಳ ಸದಸ್ಯರು ಯಶಸ್ವಿನಿ ಯೋಜನೆಯಡಿ ನೋಂದಣಿ ಅವಧಿಯೊಳಗೆ ಸಂಘದ ಕಾರ್ಯದರ್ಶಿಯವರ ಮೂಲಕ ಹೆಸರು ನೋಂದಾಯಿಸಿಕೊಳ್ಳಬಹುದು.

8. ಅಂಗವಿಕಲತೆಯ ಪ್ರಮಾಣಪತ್ರ

ಬೆನ್ನುನೋವು ಅಥವಾ ಎಂ.ಆರ್.ಐ. ವರದಿ ಇದ್ದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ಚಿಕಿತ್ಸೆಯ ನಂತರವೂ ಕಾಲು ಅಥವಾ ಕೈಯಲ್ಲಿ ಬಲಹೀನತೆ, ಚಲನೆಯ ಕೊರತೆ ಶಾಶ್ವತವಾಗಿ ಉಳಿದಲ್ಲಿ ಅದನ್ನು ಚಲನಸಂಬಂಧಿ ಅಂಗವಿಕಲತೆಯಾಗಿ ಅಳೆಯಲಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಶೇಕಡ 40 ಅಥವಾ ಅದಕ್ಕೂ ಮೇಲ್ಪಟ್ಟ ಪ್ರಮಾಣವಿದ್ದಲ್ಲಿ ಹಲವು ಸೌಲಭ್ಯಗಳಿಗೆ ಅರ್ಹತೆ ಒದಗುತ್ತದೆ.

ಅರ್ಜಿಯನ್ನು ಯು.ಡಿ.ಐ.ಡಿ. ಅಂತರ್ಜಾಲ ತಾಣದಲ್ಲಿ ಭಾವಚಿತ್ರ, ಆಧಾರ್ ಹಾಗೂ ವಿಳಾಸದ ದಾಖಲೆಗಳೊಂದಿಗೆ ಸಲ್ಲಿಸುವುದು. ತಪಾಸಣೆಯ ದಿನ ಎಲ್ಲ ಚಿಕಿತ್ಸಾ ದಾಖಲೆಗಳನ್ನು ದಿನಾಂಕವಾರು ಜೋಡಿಸಿ ತರತಕ್ಕದ್ದು. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಮಾಸಾಶನಕ್ಕೆ ಪ್ರತ್ಯೇಕವಾಗಿ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ.

9. ಸೂಚನೆ

ಈ ಮಾಹಿತಿ ವೈದ್ಯರ ತಪಾಸಣೆಗೆ ಬದಲಿಯಲ್ಲ. ಹೊರರೋಗಿ ಚೀಟಿ, ಔಷಧ ಚೀಟಿ, ಪರೀಕ್ಷಾ ವರದಿಗಳನ್ನು ಮೊದಲ ದಿನದಿಂದಲೇ ಒಂದೇ ಕಡತದಲ್ಲಿ ಕಾಯ್ದಿರಿಸಲು ಸಾರ್ವಜನಿಕರನ್ನು ಕೋರಲಾಗಿದೆ. ಮುಂದೆ ಶಿಫಾರಸು ಪತ್ರ, ಪ್ರಮಾಣಪತ್ರ ಹಾಗೂ ಮಾಸಾಶನದ ಅರ್ಜಿಗಳಿಗೆ ಇವೇ ಆಧಾರವಾಗುತ್ತವೆ.